ಹಿರಿಯರ ಮಾತಿಗೆ ಎಲ್ಲರೂ ತಲೆಯಾಡಿಸುವ ಸಭೆಗೆ ಯಹೂದಿಗಳ ಜೋಡಿ ಓದು ಹೊಂದುತ್ತದೆಯೇ?

ತೀರ್ಥಹಳ್ಳಿ_ತೋಟಿಗ:
ನಮ್ಮ ಅಡಿಕೆ ಬೆಳೆಗಾರರ ಬಳಗ ತಿಂಗಳಿಗೊಮ್ಮೆ ಸೇರುತ್ತದೆ. ಮುಂದಿನ ಸಲದ ವಿಷಯ ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗ. ಹಿರಿಯರೊಬ್ಬರು ಮಾತಾಡಿದರೆ ಮುಗಿಯಿತು, ಉಳಿದವರು ಬಾಯಿ ಬಿಡುವುದಿಲ್ಲ. ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ಓದುವವರು ಇಬ್ಬಿಬ್ಬರೇ ಕೂತು ವಾದ ಮಾಡುತ್ತಾರೆ, ಒಂದು ವಾಕ್ಯಕ್ಕೆ ನಾಲ್ಕು ಹಂತದ ಅರ್ಥ ಹುಡುಕುತ್ತಾರೆ ಎಂದು ಓದಿದೆ. ನಾವು 12 ಜನ, ಎರಡು ಗಂಟೆ ಸಮಯ. ಹೇಗೆ ನಡೆಸಬಹುದು?

ಸಾಗರದ_ಓದುಗ:
ಜೋಡಿ ಓದಿಗೆ ಹವ್ರೂತಾ ಎನ್ನುತ್ತಾರೆ. ಅದಕ್ಕೆ ಮೊದಲು ಒಂದು ಪಠ್ಯ ಬೇಕು. ಬರೀ ‘ಕೊಳೆರೋಗ’ ಎಂದರೆ ಹರಟೆಯಾಗುತ್ತದೆ. ಮೂರು ಸಾಲು ಬರೆದು ಎಲ್ಲರ ಕೈಗೂ ಕೊಡಿ: ‘ಮಳೆಗಾಲಕ್ಕೆ ಮುಂಚೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದಾಗಿದೆ. 45 ದಿನಕ್ಕೆ ಎರಡನೇ ಸಲ ಹೊಡೆಯಲು ಮಳೆ ಬಿಟ್ಟ ಹೊಳವೂ ಇಲ್ಲ, ಮರ ಹತ್ತುವ ಕೊನೆಗಾರರೂ ಇಲ್ಲ. ಕಾಯಿ ಉದುರುತ್ತಿದೆ.’

ಆರು ಜೋಡಿ ಮಾಡಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಸಾಲು ಸಾಲಿಗೂ ತಡೆದು ಕೇಳಲಿ. ಉದುರಿದ್ದು ಎಂಥ ಕಾಯಿ? ತೋಟದ ಯಾವ ಮಗ್ಗುಲು? ಮೊದಲ ಸಲ ಹೊಡೆದಾಗ ಗೊನೆ ಒಣಗಿತ್ತೇ? 20 ನಿಮಿಷಕ್ಕೆ ಪಾತ್ರ ಬದಲಿಸಿ. ಮೊದಲ 40 ನಿಮಿಷ ಪರಿಹಾರದ ಮಾತು ಎತ್ತಬಾರದು. ಕಟ್ಟುನಿಟ್ಟಾಗಿರಿ, ಎಲ್ಲ ಕಡೆ ಕೆಡುವುದು ಇಲ್ಲೇ.

ನಮ್ಮ ತಾಳಮದ್ದಳೆಯ ಅರ್ಥಧಾರಿಗಳಂತೆ ಎದುರಾಳಿಯನ್ನು ಮಾತಲ್ಲಿ ಕಟ್ಟಿಹಾಕುವುದು ಇಲ್ಲಿ ಗುರಿಯಲ್ಲ, ಬರೀ ತಲೆಯಾಡಿಸುವುದೂ ಅಲ್ಲ. ತಾಲ್ಮುದಿನಲ್ಲಿ ರಬ್ಬಿ (ಧರ್ಮಗುರು) ಯೋಹನಾನ್ ಅವರ ಜೊತೆಗಾರ ರೇಷ್ ಲಾಕಿಶ್ ತೀರಿಕೊಂಡಾಗ ಬೇರೊಬ್ಬ ವಿದ್ವಾಂಸರನ್ನು ಕಳಿಸಿದರು. ಅವರು ಪ್ರತಿ ಮಾತಿಗೂ ‘ನಿಮ್ಮದೇ ಸರಿ, ಆಧಾರವೂ ಇದೆ’ ಎಂದರು. ಯೋಹನಾನ್ ನೊಂದುಕೊಂಡರು: ರೇಷ್ ಲಾಕಿಶ್ ಆಗಿದ್ದರೆ 24 ಆಕ್ಷೇಪ ಎತ್ತುತ್ತಿದ್ದ, ತಾನು 24 ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ಬೆಳೆಯುತ್ತಿತ್ತು ಎಂದು.

ಹಿರಿಯರ ತೊಡಕಿಗೆ ತಾಲ್ಮುದಿನ ಮೂಲಪಾಠವಾದ ಮಿಶ್ನಾದ ಸನ್ಹೆದ್ರಿನ್ ಭಾಗದಲ್ಲೇ ದಾರಿ ಇದೆ. ಸಾವಿನ ಶಿಕ್ಷೆಯ ಮೊಕದ್ದಮೆಯಲ್ಲಿ 23 ನ್ಯಾಯಾಧೀಶರು. ಅಭಿಪ್ರಾಯ ಕೇಳುವುದು ಕಿರಿಯರಿಂದ. ನೀವೂ ಜೋಡಿಗಳ ವರದಿಯನ್ನು ಕಿರಿಯರಿಂದಲೇ ಶುರು ಮಾಡಿ, ಹಿರಿಯರು ಕೊನೆಯಲ್ಲಿ ಮಾತಾಡಲಿ. ಮೊದಲೇ ಹೇಳಿಟ್ಟರೆ ಯಾರಿಗೂ ಬೇಸರವಾಗದು.

ಶಿವಮೊಗ್ಗ_ಮೇಷ್ಟ್ರು:
ನಾಲ್ಕು ಹಂತದ ಬಗ್ಗೆ ಹುಷಾರು. ಪೆಶಾತ್ ನೇರ ಅರ್ಥ, ರೆಮೆಜ್ ಸುಳಿವು, ದೆರಾಶ್ ಕೆದಕಿ ತೆಗೆದ ಅರ್ಥ, ಸೋದ್ ಗುಟ್ಟಿನ ಅರ್ಥ. ನಾಲ್ಕೂ ಸೇರಿ ಪರ್ದೇಸ್. ಈ ಚೌಕಟ್ಟು ಬಳಕೆಗೆ ಬಂದದ್ದು 13ನೇ ಶತಮಾನದ ಕೊನೆಗೆ, ಕಬ್ಬಾಲಾ ಎಂಬ ಯಹೂದಿ ಅನುಭಾವ ಪಂಥದವರ ನಡುವೆ. ಸೋದ್ ಅವರ ಸಾಧನೆಗೆ ಸೇರಿದ್ದು, ತೋಟದ ಸಮಸ್ಯೆಗೆ ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ವಾಕ್ಯ ತನ್ನ ನೇರ ಅರ್ಥವನ್ನು ಬಿಟ್ಟುಹೋಗದು ಎನ್ನುವುದು ತಾಲ್ಮುದಿನದೇ ಮಾತು. ಪೆಶಾತ್ ಗಟ್ಟಿಯಾದರೆ ಅರ್ಧ ಕೆಲಸ ಆಯಿತು.

ಅದಕ್ಕಿಂತ ಕಲ್ ವಹೋಮೆರ್ ಕಲಿಸಿ. ಹಗುರದ್ದಕ್ಕೇ ಹೀಗಾದರೆ ಭಾರದ್ದಕ್ಕೆ ಕೇಳಬೇಕೇ ಎನ್ನುವ ತರ್ಕ ಅದು. ಧರ್ಮಗ್ರಂಥಕ್ಕೆ ಅರ್ಥ ಹೇಳುವ ರಬ್ಬಿ ಇಷ್ಮಾಯೇಲರ 13 ಸೂತ್ರಗಳಲ್ಲಿ ಮೊದಲನೆಯದು. ‘ಕಡಿಮೆ ಮಳೆಯ ತೋಟಕ್ಕೇ ಎರಡು ಸಲ ಬೇಕಾದರೆ ಆಗುಂಬೆ ಕಡೆಗೆ ಬೇಕೇ ಬೇಕು.’ ಸರಿ, ಎಷ್ಟು ಸಲ? ಇಲ್ಲಿ ದಯ್ಯೋ ಎಂಬ ಮಿತಿ ಅಡ್ಡ ಬರುತ್ತದೆ: ಮೂಲದಲ್ಲಿ ಇದ್ದಷ್ಟೇ ತೆಗೆಯಬಹುದು. ಎರಡು ಸಲ ಎನ್ನುವುದು ಸಾಬೀತು. ಮೂರನೆಯದಕ್ಕೆ ಬೇರೆ ಕಾರಣ ಕೊಡಬೇಕು.

ಅದನ್ನು ಮುರಿಯುವ ಬಗೆಯೂ ಇದೆ. ‘ಸಣ್ಣ ಮಳೆಗೇ ಔಷಧಿ ತೊಳೆದುಹೋಯಿತು, ದೊಡ್ಡ ಮಳೆಗೆ ಉಳಿಯುವುದುಂಟೇ?’ ಎಂದು ಒಬ್ಬರು ಹೇಳಿದರೆ, ಹಗುರದ ಕಡೆ ಮಾತ್ರ ಇದ್ದ ದೋಷ ಯಾವುದು ಎಂದು ಹುಡುಕಿ. ಅಲ್ಲಿ ಒದ್ದೆ ಗೊನೆಗೆ ಹೊಡೆದಿದ್ದರು, ಇಲ್ಲಿ ಚೆನ್ನಾಗಿ ಒಣಗಿತ್ತು. ಹೋಲಿಕೆ ಬಿತ್ತು. ಇಂಥ ಆಕ್ಷೇಪಕ್ಕೆ ಪಿರ್ಖಾ ಎನ್ನುತ್ತಾರೆ. ಹೊಸ ಯೋಚನೆ ಹುಟ್ಟುವುದು ಹೆಚ್ಚಾಗಿ ಇದರಿಂದಲೇ.

ತೀರ್ಥಹಳ್ಳಿ_ತೋಟಿಗ:
ಮೇಷ್ಟ್ರೇ, ಕಲ್ ವಹೋಮೆರ್ ನಮ್ಮವರಿಗೆ ತಕ್ಷಣ ಹಿಡಿಸುತ್ತದೆ. ಆದರೆ ವಾದ ಮುಗಿಯದೇ ಹೋದರೆ?

ಸಾಗರದ_ಓದುಗ:
ಮೊದಲು ‘ನಫ್ಕಾ ಮಿನಾ’ ಕೇಳಿ, ಅಂದರೆ ಈ ಭೇದದಿಂದ ಮಾಡುವ ಕೆಲಸ ಬದಲಾಗುತ್ತದೆಯೇ ಎಂದು. ಒಬ್ಬರು ದ್ರಾವಣವೇ ಕೆಟ್ಟಿತ್ತು ಎನ್ನುತ್ತಾರೆ, ಇನ್ನೊಬ್ಬರು ಹೊಡೆದದ್ದು ತಡವಾಯಿತು ಎನ್ನುತ್ತಾರೆ. ಇಲ್ಲಿ ಬದಲಾಗುತ್ತದೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರಿನ ಹೊಸ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡಿ. ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಕೂರದಿದ್ದರೆ ಸುಣ್ಣ ಸಾಲಲಿಲ್ಲ ಎಂಬ ವಾದ ನಿಲ್ಲದು, ದಿನಾಂಕದ ಲೆಕ್ಕ ತೆಗೆಯಿರಿ. ಏನೂ ಬದಲಾಗದ ಭೇದವಾದರೆ ಅಲ್ಲಿಗೇ ಬಿಡಿ.

ಅಷ್ಟಾದರೂ ಬಗೆಹರಿಯದ್ದಕ್ಕೆ ತಾಲ್ಮುದಿನಲ್ಲಿ ‘ತೇಕು’ ಎಂದು ಬರೆಯುತ್ತಾರೆ, ಪ್ರಶ್ನೆ ನಿಂತಿರಲಿ ಎಂದು. ದೊಡ್ಡ ಹಾಳೆಯ ನಡುವೆ ನಿಮ್ಮ ಮೂರು ಸಾಲು, ಒಂದು ಬದಿಗೆ ವಿವರಣೆ, ಇನ್ನೊಂದು ಬದಿಗೆ ಆಕ್ಷೇಪ ಬರೆಯಿರಿ. ತಾಲ್ಮುದ್ ಪುಟವೂ ಹೀಗೇ: ಹೊಲಿಗೆಯ ಬದಿಗೆ ರಾಶಿ (1040–1105) ಎಂಬ ವಿದ್ವಾಂಸರ ವಿವರಣೆ, ಹೊರಬದಿಗೆ ತೋಸಾಫೋತ್ ಎಂಬ, ಅವರ ನಂತರದ ವಿದ್ವಾಂಸರ ಟಿಪ್ಪಣಿಗಳು. ಸೋತ ಅಭಿಪ್ರಾಯವನ್ನು ಹೊಡೆದುಹಾಕಬೇಡಿ. ಒಬ್ಬನೇ ಹೇಳಿದ ಮಾತನ್ನೂ ಮಿಶ್ನಾ ಏಕೆ ದಾಖಲಿಸುತ್ತದೆ ಎಂದರೆ, ಮುಂದೆ ಬರುವ ನ್ಯಾಯಸಭೆ ಅದನ್ನು ಆಧಾರವಾಗಿ ಹಿಡಿಯಬಹುದು. ಅಡಿಕೆ ಗೊನೆಯ ಕೊಯ್ಲಿಗೆ ಮುಂಚೆ ಅದೇ ಹಾಳೆ ತೆಗೆದು, ಅದೇ ಜೋಡಿಗಳಿಗೆ ಎದುರು ಪಕ್ಷ ಕೊಟ್ಟು ಮತ್ತೆ ಓದಿಸಿ.