ಹೈನುಗಾರರ ಗುಂಪಿನಲ್ಲಿ ಭಾನುವಾರದ ಪ್ರಶ್ನೋತ್ತರ: ದನಗಳ ವೈರಸ್ ಕಾಯಿಲೆ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು ಸಂಜೆ ನಮ್ಮ ದನದ ಡಾಕ್ಟ್ರು ಗುಂಪಲ್ಲಿರ್ತಾರೆ. ಕಾಲುಬಾಯಿ, ಚರ್ಮಗಂಟು, ಇಂಥ ವೈರಸ್ ಕಾಯಿಲೆ ಬಗ್ಗೆ ಮಾತ್ರ ಕೇಳಿ. ದೇವರ ಫೋಟೊ, ಹಾಲಿನ ರೇಟು ಬೇಡ.

ಬಂಗಾರಪೇಟೆ: ಸಾರ್ ನಮಸ್ತೆ. ಸೀಮೆಹಸುಗೆ ಕಾಲುಬಾಯಿ ಜ್ವರ. ಐದು ದಿನ ಆಂಟಿಬಯೋಟಿಕ್ ಹಾಕಿಸಿದ್ವಿ. ಗೊರಸಿನ ಸಂದಿ ಕೀವು ಕಮ್ಮಿ ಆಯ್ತು, ಬಾಯಿ ಹುಣ್ಣು ಹಂಗೇ ಐತೆ. ಇದಕ್ಕಿಂತ ಪವರ್ ಇರೋ ಇಂಜೆಕ್ಷನ್ ಹೇಳಿ.

ಡಾಕ್ಟ್ರು: ಪವರ್ ಪ್ರಶ್ನೆ ಅಲ್ಲ. ಆಂಟಿಬಯೋಟಿಕ್ ಕೆಡಿಸೋದು ಬ್ಯಾಕ್ಟೀರಿಯಾದ ಗೋಡೆ, ಅದರೊಳಗಿನ ಕೆಲಸ. ವೈರಸ್‌ಗೆ ಗೋಡೆನೂ ಇಲ್ಲ, ಒಲೆನೂ ಇಲ್ಲ. ಒಂದು ಎಳೆ ಆರ್‌ಎನ್‌ಎ ಇಲ್ಲಾ ಡಿಎನ್‌ಎ, ಸುತ್ತ ಪ್ರೋಟೀನ್ ಚಿಪ್ಪು, ಅಷ್ಟೆ. ಹಸುವಿನ ಜೀವಕೋಶಕ್ಕೆ ನುಗ್ಗಿ, ಹಸುವಿನ ಒಲೆಯಲ್ಲೇ ತನ್ನ ಅಡುಗೆ ಮಾಡಿಸಿಕೊಳ್ಳುತ್ತೆ. ನಾಲಿಗೆ ಮೇಲಿನ ಕೋಶಗಳು ಹಾಗೆ ಹಾಳಾಗಿ ಬೊಬ್ಬೆ ಏಳೋದು. ಗೊರಸಿನ ಹುಣ್ಣಿಗೆ ಆಮೇಲೆ ಬ್ಯಾಕ್ಟೀರಿಯಾ ಸೇರಿತ್ತು, ಇಂಜೆಕ್ಷನ್ ಕೆಲಸ ಮಾಡಿದ್ದು ಅಲ್ಲಿ. ತಣ್ಣಗಿನ ರಾಗಿ ಗಂಜಿ ಮುಂದಿಡಿ, ಒಣ ನೆಲದಲ್ಲಿ ಕಟ್ಟಿ.

ನಂಗಲಿ: *ಫಾರ್ವರ್ಡ್* ಎಲ್ಲಾ ವೈರಸ್‌ಗೂ ಒಂದೇ ಮದ್ದು!! ಬೆಳ್ಳುಳ್ಳಿ, ನಿಂಬೆರಸ, ಎರಡು ಚಮಚ ಸೀಮೆಎಣ್ಣೆ. 48 ಗಂಟೆಯಲ್ಲಿ ಗ್ಯಾರಂಟಿ 🙏 ಹತ್ತು ಗುಂಪಿಗೆ ಕಳಿಸಿ

ಡಾಕ್ಟ್ರು: ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ಹಸು ಸಾಯುತ್ತೆ. ಡಿಲೀಟ್ ಮಾಡಿ.

ಶಿಡ್ಲಘಟ್ಟ ರೇಷ್ಮೆ: ಸಾರ್, ಹುಳಕ್ಕೆ ಹಾಲುತೊಂಡೆ ಬಿದ್ದೈತೆ. ಅದೂ ವೈರಸ್ಸೇ ಅಂತಾರೆ, ನಿಜಾನಾ?

ಶ್ರೀನಿವಾಸಪುರ ಅಕ್ಕ: ಡಾಕ್ಟ್ರೇ, ನಮ್ಮ ಕರೆಯೋ ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲ. ಒಂದೇ ಸಮ ಜೊಲ್ಲು. ಕೂಗೋ ದನಿ ಒಡೆದು ಬೇರೆ ಥರ ಆಗೈತೆ. ತೋಪಲ್ಲಿ ಮಾವಿನ ವಾಟೆ ನುಂಗಿರಬೇಕು ಅಂತ ನಮ್ಮ ಯಜಮಾನ್ರು ಬಾಯಿಗೆ ಕೈ ಹಾಕಿ ನೋಡಿದ್ರು, ಏನೂ ಸಿಗಲಿಲ್ಲ. ಇದೂ ಕಾಲುಬಾಯಿನಾ?

ಮಾಲೂರು: ಸಾರ್ ಕಾಲುಬಾಯಿಗೆ ಯಾವ ಇಂಜೆಕ್ಷನ್ ಒಳ್ಳೇದು?

ಡಾಕ್ಟ್ರು: ಮಾಲೂರು, ಮೇಲೆ ಓದಿ. ಅಮ್ಮಾ, ಮೂರು ವಿಷಯ ಬೇಗ ಹೇಳಿ. ಬಾಯಲ್ಲಿ ಹುಣ್ಣು ಇದೆಯಾ? ಈಚೆಗೆ ನಾಯಿ ಕಚ್ಚಿತ್ತಾ? ಯಜಮಾನ್ರ ಕೈಯಲ್ಲಿ ಗಾಯ ಇದೆಯಾ?

ಶ್ರೀನಿವಾಸಪುರ ಅಕ್ಕ: ಹುಣ್ಣಿಲ್ಲ. ಯುಗಾದಿ ಆದ್ಮೇಲೆ ಒಂದು ಬೀದಿನಾಯಿ ಮೂತಿಗೆ ಕಚ್ಚಿತ್ತು, ಅರಿಶಿನ ಮೆತ್ತಿದ್ವಿ, ವಾಸಿ ಆಯ್ತು. ಇವರ ತೋರುಬೆರಳಿಗೆ ಹಸು ಹಲ್ಲು ತಗಲಿ ಗೀರಿದೆ. ಜಾಸ್ತಿ ಏನಿಲ್ಲ.

ಡಾಕ್ಟ್ರು: ಉಳಿದವರು ಸ್ವಲ್ಪ ಸುಮ್ಮನಿರಿ.

ಅಮ್ಮಾ, ನನಗಿರೋ ಅನುಮಾನ ರೇಬೀಸ್, ಅಂದ್ರೆ ಹುಚ್ಚುನಾಯಿ ಕಾಯಿಲೆ. ನೋಡದೆ ಖಂಡಿತ ಅನ್ನಲ್ಲ, ಆದರೆ ಕಾಯೋ ಹಾಗಿಲ್ಲ. ಗಂಟಲಲ್ಲಿ ಏನೂ ಸಿಕ್ಕಿರಲ್ಲ. ನುಂಗೋ ಸ್ನಾಯು ಸೋತಿರುತ್ತೆ, ಅದಕ್ಕೇ ಜೊಲ್ಲು ಹೊರಗೆ ಬರೋದು. ವಾಟೆ ಅಂದುಕೊಂಡು ಕೈ ಹಾಕಿ ಎಡವೋರು ನೀವೊಬ್ಬರೇ ಅಲ್ಲ.

ಕಾಲುಬಾಯಿ ವೈರಸ್ ಕೋಶ ಒಡೆದು ರಂಪ ಮಾಡುತ್ತೆ, ನಾಲ್ಕಾರು ದಿನದಲ್ಲಿ ಕಣ್ಣಿಗೆ ಕಾಣುತ್ತೆ. ಇದು ಕಳ್ಳ. ಕಚ್ಚಿದ ಜಾಗದ ಮಾಂಸದಲ್ಲಿ ಸ್ವಲ್ಪ ದಿನ ಇದ್ದು, ನರದ ತುದಿ ಹಿಡಿದು ಒಳಗೊಳಗೇ ಮಿದುಳಿಗೆ ಹತ್ತುತ್ತೆ. ರಕ್ತದಲ್ಲಿ ಓಡಾಡಲ್ಲ, ಹಾಗಾಗಿ ಮೈಯ ಕಾವಲಿಗೆ ಸುಳಿವೇ ಸಿಗಲ್ಲ. ವಾರಗಳು, ತಿಂಗಳುಗಳು ಹಿಡಿಯುತ್ತೆ. ಗಾಯ ಮಾದಿರುತ್ತೆ, ನಾವು ಮರೆತಿರ್ತೀವಿ. ಮಿದುಳು ಸೇರಿದ ಮೇಲೆ ಮತ್ತೆ ನರ ಹಿಡಿದು ಜೊಲ್ಲಿನ ಗ್ರಂಥಿಗೆ ಇಳಿಯುತ್ತೆ. ಲಕ್ಷಣ ಶುರುವಾದ ಮೇಲೆ ಹಸುವಿಗೆ ಮದ್ದಿಲ್ಲ. ಮನುಷ್ಯರಿಗೂ ಹೆಚ್ಚುಕಮ್ಮಿ ಅಷ್ಟೆ. ಆದರೆ ವೈರಸ್ ನರ ಹತ್ತೋ ಮೊದಲು ನಮಗೆ ಸಮಯ ಇರುತ್ತೆ, ಯಜಮಾನ್ರು ಈಗ ಇರೋದು ಆ ಸಮಯದಲ್ಲಿ.

ಈಗಲೇ ನಲ್ಲಿ ಕೆಳಗೆ ಕೈ ಹಿಡಿದು ಸೋಪು ಹಾಕಿ 15 ನಿಮಿಷ ತೊಳೀಲಿ. ಈ ವೈರಸ್‌ಗೆ ಮೇಲೊಂದು ಕೊಬ್ಬಿನ ಹೊದಿಕೆ ಇದೆ, ಎಣ್ಣೆಜಿಡ್ಡು ಬಿಟ್ಟ ಹಾಗೆ ಸೋಪಿಗೆ ಅದು ಬಿಡುತ್ತೆ. ಬಟ್ಟೆ ಕಟ್ಟಬೇಡಿ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಗೀರಿದ ಕೈಗೆ ಜೊಲ್ಲು ತಗಲಿದೆ ಅಂತ ಹೇಳಿ. ಜೊಲ್ಲು ಮುಟ್ಟಿದವರು ಮನೆಯಲ್ಲಿ ಇನ್ಯಾರಿದ್ದರೂ ಹೋಗಲಿ. ಹಸುವನ್ನ ಬೇರೆ ಕಟ್ಟಿ, ಬಾಯಿ ಹತ್ತಿರ ಯಾರೂ ಬೇಡ, ಮಾರಬೇಡಿ. ಬೆಳಿಗ್ಗೆ ನಾನೇ ಬರ್ತೀನಿ.

ಚಿಂತಾಮಣಿ: ಸುಮ್ನೆ ಹೆದರಿಸಬೇಡಿ ಸಾರ್. ನಮ್ಮೂರಲ್ಲಿ ನಾಯಿ ಕಚ್ಚಿದ್ರೆ ಸೊಪ್ಪಿನ ಪಸರು ಹಾಕ್ತಾರೆ, ಒಬ್ರೂ ಸತ್ತಿಲ್ಲ.

ಮುಳಬಾಗಿಲು: ಕಚ್ಚಿದ ನಾಯಿಗೆಲ್ಲ ಹುಚ್ಚಿತ್ತಾ ಅಣ್ಣ?

ಚಿಂತಾಮಣಿ: ನಿಂಗೇನಪ್ಪ ಗೊತ್ತು, ನೀನು ಹಸು ಕಟ್ಟಿದ್ದು ಮೊನ್ನೆ.

ಡಾಕ್ಟ್ರು: ಹುಚ್ಚಿಲ್ಲದ ನಾಯಿ ಕಚ್ಚಿದ್ರೆ ಪಸರು ಹಾಕಿದ್ರೂ ಬದುಕ್ತಾರೆ, ಹಾಕದಿದ್ರೂ ಬದುಕ್ತಾರೆ. ಸುಣ್ಣ, ಖಾರದಪುಡಿ, ಪಸರು ಯಾವುದೂ ಗಾಯಕ್ಕೆ ಬೇಡ. ಉಜ್ಜಿದಷ್ಟೂ ವೈರಸ್ ನರದ ಹತ್ತಿರ ಹೋಗುತ್ತೆ. ಇನ್ನೊಂದು ಸಲ ಈ ಮಾತು ಬಂದ್ರೆ ನಾನು ಗುಂಪು ಬಿಡ್ತೀನಿ.

ಬೇತಮಂಗಲ: ಆ ಹಸು ಹಾಲು ಇವತ್ತು ಡೈರಿಗೆ ಹಾಕಿದ್ರಾ? ಯಾವ ಡೈರಿ, ಹೇಳಿ!

ಮಾಲೂರು: ಹೌದು, ಹೇಳ್ಬೇಕು. ನಮ್ಮ ಮನೇಲಿ ಮಕ್ಕಳಿದಾರೆ.

ಶ್ರೀನಿವಾಸಪುರ ಅಕ್ಕ: ಗೊತ್ತಿದ್ರೆ ಹಾಕ್ತಿದ್ವಾ? ನಿಮ್ಮ ಮನೇಲಿ ಈ ಥರ ಆಗಿದ್ರೆ ಹಿಂಗೇ ಕೇಳ್ತಿದ್ರಾ?

ಬೇತಮಂಗಲ: ಕೇಳೋದ್ರಲ್ಲಿ ತಪ್ಪೇನಮ್ಮ

ಮುಳಬಾಗಿಲು: ಅಣ್ಣ, ಆ ಯಮ್ಮ ಗಂಡನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ಹೊತ್ತಲ್ಲಿ ನಿಂದೇನು ಡೈರಿ ತನಿಖೆ?

ಡಾಕ್ಟ್ರು: ಕಾಯಿಸಿದ ಹಾಲಲ್ಲಿ ಈ ವೈರಸ್ ಉಳಿಯಲ್ಲ. ಇನ್ನು ಮೇಲೆ ಆ ಹಸುವನ್ನ ಕರೀಬೇಡಿ. ಹಸಿ ಹಾಲು ಕುಡಿದವರಿದ್ದರೆ ಆಸ್ಪತ್ರೆಯಲ್ಲಿ ಹೇಳಲಿ. ಡೈರಿ ಹೆಸರು ಇಲ್ಲಿ ಬೇಡ.

ಬಂಗಾರಪೇಟೆ: ಹಂಗಾದ್ರೆ ಸಾರ್, ಕಾಲುಬಾಯಿ ಕೊಟ್ಟಿಗೆನೂ ಸೋಪಲ್ಲಿ ತೊಳೆದ್ರೆ ಸಾಕಲ್ವಾ?

ಡಾಕ್ಟ್ರು: ಒಳ್ಳೆ ಪ್ರಶ್ನೆ. ಸಾಲಲ್ಲ. ಕಾಲುಬಾಯಿ ವೈರಸ್‌ಗೆ ಆ ಕೊಬ್ಬಿನ ಹೊದಿಕೆ ಇಲ್ಲ, ಬರೀ ಚಿಪ್ಪು. ಹುಳಿಗೆ ಇಲ್ಲಾ ಕ್ಷಾರಕ್ಕೆ ಸಾಯುತ್ತೆ. ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡ, ಬಕೆಟ್ ತುಂಬಾ ಕಲಸಿ ನೆಲ, ಗೋದಲಿ, ನಿಮ್ಮ ಚಪ್ಪಲಿ ಎಲ್ಲಾ ತೊಳೀರಿ.

ವೇಮಗಲ್: ಚರ್ಮಗಂಟು ಲಸಿಕೆ ಹಾಕಿಸಿ ನಾಲ್ಕೇ ದಿನಕ್ಕೆ ಗಂಟು ಬಂತು. ಲಸಿಕೆಯಿಂದಾನೇ ಬಂದಿದ್ದು.

ಡಾಕ್ಟ್ರು: ವೈರಸ್ ಮೊದಲೇ ಮೈಯಲ್ಲಿತ್ತು ಅನ್ಸುತ್ತೆ. ಲಸಿಕೆ ಕಚ್ಚಿಕೊಳ್ಳೋಕೆ ಎರಡು ಮೂರು ವಾರ ಬೇಕು.

ವೇಮಗಲ್: ನೀವು ಹೇಳೋದೇ ಹಂಗೆ.

ಡಾಕ್ಟ್ರು: ಹೌದು, ಹಂಗೇ.

ನಂಗಲಿ: *ಫಾರ್ವರ್ಡ್* ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್! ಹೆದರಬೇಡಿ, ಈ ಬೇರು ಸಾಕು…

ಅಡ್ಮಿನ್: ನಂಗಲಿಯವರನ್ನ ತೆಗೆದಿದ್ದೀನಿ.

ಡಾಕ್ಟ್ರು: 14 ಇಂಜೆಕ್ಷನ್ ನಮ್ಮಪ್ಪನ ಕಾಲದ್ದು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೆ.

ಶಿಡ್ಲಘಟ್ಟ ರೇಷ್ಮೆ: ಸಾರ್ ಹಾಲುತೊಂಡೆ?

ಶ್ರೀನಿವಾಸಪುರ ಅಕ್ಕ: (ಫೋಟೊ) ಡಾಕ್ಟ್ರೇ, ಸೋಪು ಹಾಕಿ ತೊಳೆದು ಆಟೋಲಿ ಬಂದ್ವಿ. ಇಂಜೆಕ್ಷನ್ ಆಯ್ತು. ಚೀಟಿ ನೋಡಿ. ಮೂರು ದಿನ ಬಿಟ್ಟು ಬನ್ನಿ ಅಂದ್ರು.

ಡಾಕ್ಟ್ರು: ಇದರಲ್ಲಿ ಲಸಿಕೆ ಒಂದೇ ಬರೆದಿದೆ. ಲಸಿಕೆಯಿಂದ ಮೈಯಲ್ಲಿ ಪ್ರತಿಕಾಯ, ಅಂದ್ರೆ ವೈರಸ್ ತಡೆಯೋ ಪ್ರೋಟೀನ್, ಹುಟ್ಟೋಕೆ ವಾರ ಮೇಲಾಗುತ್ತೆ. ಅಲ್ಲಿವರೆಗೆ ಕಾಪಾಡೋಕೆ ಗೀರಿದ ಜಾಗಕ್ಕೇ ರೆಡಿ ಪ್ರತಿಕಾಯ ಚುಚ್ಚಬೇಕು, ರೇಬೀಸ್ ಸೀರಂ ಅಂತಾರೆ. ಬೆರಳಿಗೆ ಏನಾದ್ರೂ ಚುಚ್ಚಿದ್ರಾ?

ಶ್ರೀನಿವಾಸಪುರ ಅಕ್ಕ: ಇಲ್ಲ, ತೋಳಿಗೆ ಮಾತ್ರ.

ಡಾಕ್ಟ್ರು: ಆಸ್ಪತ್ರೆಯಿಂದ ಹೊರಟುಬಿಟ್ರಾ?

ಶ್ರೀನಿವಾಸಪುರ ಅಕ್ಕ: ಗೇಟ್ ಹತ್ರ ಇದ್ದೀವಿ. ಆಟೋದವನು ಬೈತಿದ್ದಾನೆ.

ಡಾಕ್ಟ್ರು: ಅವನು ಬೈಲಿ. ಒಳಗೆ ಹೋಗಿ ಡ್ಯೂಟಿ ಡಾಕ್ಟ್ರ ಕೈಗೆ ಫೋನ್ ಕೊಡಿ, ನಾನು ಮಾತಾಡ್ತೀನಿ.