ದಾವಣಗೆರೆ, ಚಿತ್ರದುರ್ಗದ ಕಡೆ ಊರಾಚೆ ಕುದುರೆ ಸವಾರಿ: ಎಲ್ಲಿ, ಯಾರ ಜೊತೆ?

ವಿದ್ಯಾನಗರದವಳು:
ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸವಾರಿ ಕಲಿತೆ. ನಡಿಗೆ, ಟ್ರಾಟ್ (ನಿಧಾನದ ಕುಲುಕು ಓಟ) ಚೆನ್ನಾಗಿ ಬರುತ್ತದೆ, ಕ್ಯಾಂಟರ್ (ಅದಕ್ಕಿಂತ ಜೋರಿನ ಓಟ) ಆಗಷ್ಟೇ ಶುರುವಾಗಿತ್ತು. ಈಗ ದಾವಣಗೆರೆಗೆ ವಾಪಸ್ ಬಂದಿದ್ದೇನೆ. ಬೇಲಿಯೊಳಗೆ ಸುತ್ತು ಹಾಕುವುದಲ್ಲ, ಮಣ್ಣಿನ ದಾರಿಯಲ್ಲಿ ನಾಲ್ಕೈದು ಜನ ಸೇರಿ ಹೋಗುವಂಥ ಸವಾರಿ ಬೇಕು. ಈ ಕಡೆ ಅಂಥ ಕ್ಲಬ್ ಇದ್ದರೆ ಹೇಳಿ, ಇಲ್ಲದಿದ್ದರೆ ಕುದುರೆ ಇಟ್ಟವರು ಸಿಕ್ಕಿದರೂ ಸಾಕು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಕುದುರೆ ಮೇಲೆ ಹೋಗಬೇಕು ಅಂತ ತುಂಬಾ ಆಸೆ, ಬಿಡುತ್ತಾರಾ? ಅಕ್ಕನ ಮಗಳಿಗೂ ಕಲಿಯಬೇಕಂತೆ. ಅವಳಿನ್ನೂ ಹೈಸ್ಕೂಲು.

ದುರ್ಗದ ಸವಾರ:
ಅಕ್ಕಾ, ಕ್ಲಬ್ ಹುಡುಕುವ ಬದಲು ಲಾಳ ಹೊಡೆಯುವವರನ್ನು ಹುಡುಕಿ. ಎತ್ತಿಗೆ ಲಾಳ ಕಟ್ಟುವವರನ್ನು ಕೇಳಿದರೂ ಸುತ್ತಮುತ್ತ ಯಾರ ಮನೆಯಲ್ಲಿ ಕುದುರೆ ಇದೆ, ಯಾವುದು ಸಾಧು, ಯಾವುದು ಒದೆಯುತ್ತದೆ ಅಂತ ಗೊತ್ತಾಗುತ್ತದೆ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರನ್ನೂ ಮಾತಾಡಿಸಿ. ಆದರೆ ಮೆರವಣಿಗೆ ಕುದುರೆಗೆ ಡೊಳ್ಳು, ಪಟಾಕಿ, ಜನ ಎಲ್ಲಾ ಅಭ್ಯಾಸವಾಗಿದ್ದರೂ ಬಯಲಿಗೆ ಬಿಟ್ಟರೆ ದೌಡು ಕಿತ್ತುಬಿಡಬಹುದು, ಅದಕ್ಕೆ ಮೊದಲ ಸಲ ಮಾಲೀಕರನ್ನು ಜೊತೆಗೇ ಕರೆದುಕೊಂಡು ನಡಿಗೆಯಲ್ಲಷ್ಟೇ ಹೋಗಿ.

ಹತ್ತುವ ಮೊದಲು ಜೀನು ತೆಗೆಸಿ ಬೆನ್ನು ನೋಡಿ. ಹುಣ್ಣಿದ್ದರೆ ಹತ್ತಲೇಬೇಡಿ. ಗೊರಸು ಎತ್ತಿ ನೋಡಿ, ಲಾಳ ಸಡಿಲ ಇರಬಾರದು. 6ರಿಂದ 8 ವಾರಕ್ಕೊಮ್ಮೆ ಲಾಳ ತೆಗೆದು, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ನಮ್ಮ ಕಡೆ ನೆಲ ಬರೀ ಕಲ್ಲು, ಒಂದು ಚೂಪುಕಲ್ಲು ಸಿಕ್ಕರೂ ಕುಂಟುತ್ತದೆ. ಭಾರದ ವಿಷಯಕ್ಕೂ ನಾಚಿಕೊಳ್ಳಬೇಡಿ. ಕುದುರೆಯ ತೂಕದ ಐದನೇ ಒಂದು ಪಾಲಿಗಿಂತ ಜಾಸ್ತಿ ಹೇರಬಾರದು. 350 ಕೆಜಿ ಕುದುರೆಯಾದರೆ ಜೀನು ಸೇರಿ 70 ಕೆಜಿ, ಅಷ್ಟೇ.

ನಾಲೆ ಪಕ್ಕದವನು:
ಜೋಗಿಮಟ್ಟಿ ವನ್ಯಜೀವಿ ಧಾಮ ಮೇಡಂ. 1972ರ ವನ್ಯಜೀವಿ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕುದುರೆ ಕರೆದುಕೊಂಡು ಹೋಗಬೇಡಿ. ಜಗಳೂರಿನ ರಂಗಯ್ಯನದುರ್ಗಕ್ಕೂ ಇದೇ ಮಾತು, ಅದು ಕೊಂಡುಕುರಿಗೆ (ನಾಲ್ಕು ಕೊಂಬಿನ ಹುಲ್ಲೆ) ಅಂತಲೇ ಮೀಸಲಾದ ಕಾಡು. ಚಿತ್ರದುರ್ಗದ ಕೋಟೆಯೊಳಗಂತೂ ಬೇಡವೇ ಬೇಡ, ಪುರಾತತ್ವ ಇಲಾಖೆ ಕಾಪಾಡುತ್ತಿರುವ ಜಾಗ, ಮೇಲಾಗಿ ಮೆಟ್ಟಿಲು, ನುಣ್ಣನೆ ಬಂಡೆ.

ದಾವಣಗೆರೆ ಸುತ್ತ ನನಗೆ ಇಷ್ಟವಾದದ್ದು ಭದ್ರಾ ನಾಲೆ ಏರಿ. ನೆರಳಿದೆ, ಟ್ರಾಫಿಕ್ ಕಮ್ಮಿ. ಅದು ನೀರಾವರಿ ಇಲಾಖೆಯ ದಾರಿ, ನೀರಗಂಟಿಗೆ (ನಾಲೆಯ ನೀರು ನೋಡಿಕೊಳ್ಳುವವರು) ಒಂದು ಮಾತು ಹೇಳಿ ಹೋಗಿ. ಮಳೆಯಾದ ಮೇಲೆ ಎರೆಮಣ್ಣಿನ ಏರಿ ಸಾಬೂನಿನಂತೆ ಜಾರುತ್ತದೆ, ಒಂದೆರಡು ದಿನ ಬಿಡಬೇಕು. ನಾಲೆ ದಂಡೆಗೆ ಅಂಟಿಕೊಂಡು ಹೋಗಬೇಡಿ. ಕುದುರೆಗೆ ನೀರು ಕುಡಿಸಬೇಕು ಅಂದರೆ ಕೆಳಗಿಳಿಸದೆ ಬಕೆಟ್‌ನಲ್ಲಿ ಕೊಡಿ, ಸಿಮೆಂಟು ನಾಲೆಗೆ ಬಿದ್ದ ಪ್ರಾಣಿಯನ್ನು ಮೇಲೆತ್ತುವುದು ತುಂಬಾ ಕಷ್ಟ.

ಬಂಡಿ ದಾರಿಗಳೂ ಚೆನ್ನ. ಮೆಕ್ಕೆಜೋಳ ನಿಂತಿರುವಾಗ ಹೊಲದ ಬದುವಿಗೆ ಹೋಗಬೇಡಿ. ಕುದುರೆ ಬಾಯಿ ಹಾಕಿದರೆ ಜಗಳ ಖಂಡಿತ, ರೈತರದ್ದೇ ನ್ಯಾಯ. ಕಾಡುಹಂದಿಗೆ ಅಂತ ಕಟ್ಟಿದ ಬೇಲಿ ತಂತಿ ಕಂಡರೆ ದೂರ ಇರಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರ ಒಳಗೆ ಲಾಯಕ್ಕೆ ವಾಪಸ್ ಬಂದಿರಬೇಕು.

ಪಶುವೈದ್ಯೆ:
ಮಗುವನ್ನು ಮೊದಲೇ ಬಯಲಿಗೆ ಕರೆದೊಯ್ಯಬೇಡಿ, ದಯವಿಟ್ಟು. ಮೈಸೂರಿನ ಪೊಲೀಸ್ ಅಶ್ವಾರೋಹಿ ದಳ ಬೇಸಿಗೆಯಲ್ಲಿ ಸವಾರಿ ಶಿಬಿರ ನಡೆಸುತ್ತಾ ಬಂದಿದೆ, ರಜೆಯಲ್ಲಿ ಅಲ್ಲಿ ವಿಚಾರಿಸಿ. ಬೀಳುವುದು ಹೇಗೆ, ಲಗಾಮು ಹಿಡಿಯುವುದು ಹೇಗೆ ಅಂತ ಬೇಲಿಯೊಳಗೇ ಕಲಿಯಲಿ. ಬೈಕ್ ಹೆಲ್ಮೆಟ್ ಭಾರ, ಕುತ್ತಿಗೆಗೆ ಒಳ್ಳೆಯದಲ್ಲ, ಸವಾರಿ ಹೆಲ್ಮೆಟ್ಟೇ ತರಿಸಿ. ಹಿಮ್ಮಡಿ ಇರುವ ಶೂ ಬೇಕು, ಚಪ್ಪಲಿಯಾದರೆ ಬಿದ್ದಾಗ ಪಾದ ರಿಕಾಪಿನೊಳಗೆ (ಜೀನಿಗೆ ತೂಗುವ, ಕಾಲಿಡುವ ಬಳೆ) ಸಿಕ್ಕಿಕೊಂಡು ಕುದುರೆ ಎಳೆದುಕೊಂಡು ಹೋಗಬಹುದು. ನಿಮಗೂ ಕುದುರೆಗೂ ಟೆಟನಸ್ ಇಂಜೆಕ್ಷನ್ ಆಗಿರಲಿ.

ಇನ್ನೊಂದು ವಿಷಯ. ಸವಾರಿ ಮುಗಿದ ತಕ್ಷಣ ಪ್ರೀತಿಯಿಂದ ಹುರುಳಿ ಸುರಿಯುವವರಿದ್ದಾರೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ಉಬ್ಬಿದರೆ ಜೀವಕ್ಕೇ ಅಪಾಯ. ಮೊದಲು ಕೈಯಲ್ಲಿ ಹಿಡಿದು ನಡೆಸಿ, ಉಸಿರು ತಣ್ಣಗಾಗಲಿ, ನೀರು ಕೊಡಿ, ಹುಲ್ಲು ಹಾಕಿ. ಕಾಳು ಆಮೇಲೆ. ಕುದುರೆ ನೆಲಕ್ಕೆ ಹೊರಳಾಡುತ್ತಾ ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರನ್ನು ಕರೆಯಿರಿ.

ವಿದ್ಯಾನಗರದವಳು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಜೋಗಿಮಟ್ಟಿ ಆಸೆ ಬಿಟ್ಟೆ, ಅಲ್ಲಿಗೆ ನಡೆದೇ ಹೋಗುತ್ತೇನೆ. ಮಗಳಿಗೆ ಮೈಸೂರಲ್ಲಿ ಕೇಳುತ್ತೇನೆ. ಮೂರ್ನಾಲ್ಕು ಜನ ಸೇರಿದರೆ ನಾವೇ ಒಂದು ಗುಂಪು ಮಾಡಬಹುದಲ್ವಾ?

ದುರ್ಗದ ಸವಾರ:
ಮಾಡೋಣ ಅಕ್ಕಾ. ಎರಡು ನಿಯಮ ಮಾತ್ರ ಈಗಲೇ ಒಪ್ಪಿಕೊಳ್ಳೋಣ. ಎಲ್ಲರಿಗಿಂತ ಹೊಸಬರು ಯಾರೋ ಅವರ ವೇಗಕ್ಕೇ ಗುಂಪು ಹೋಗಬೇಕು, ಒಬ್ಬರು ಓಡಿಸಿದರೆ ಉಳಿದ ಕುದುರೆಗಳೂ ಹಿಂದೆಯೇ ಓಡುತ್ತವೆ. ಕುದುರೆಯಿಂದ ಕುದುರೆಗೆ ಒಂದು ಕುದುರೆಯಷ್ಟಾದರೂ ಜಾಗ ಬಿಡಬೇಕು, ಒದೆಯುವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿ ಕೊನೆಗೆ ಇಡಬೇಕು. ಮಳೆ ನಿಲ್ಲಲಿ, ನಾನು ಲಾಳದವರನ್ನು ಕೇಳಿ ಇಲ್ಲೇ ಬರೆಯುತ್ತೇನೆ.