ಉಬುಂಟುವಿನಲ್ಲಿ ಮಾತ್ರ ಪ್ರಾಜೆಕ್ಟ್ ಓಡುತ್ತಿಲ್ಲ: ಇರುವ ಫೈಲೇ ಸಿಗುತ್ತಿಲ್ಲವೆಂಬ ದೋಷ

ಪ್ರಶ್ನೆ, ವಿರಾಜಪೇಟೆಯಿಂದ

ನಮಸ್ಕಾರ. ಕಾಫಿ ತೋಟಗಳಲ್ಲಿ ಪ್ರತಿದಿನ ಬರೆದಿಡುವ ಮಳೆಯ ಇಂಚಿನ ಲೆಕ್ಕವನ್ನು ತಿಂಗಳುವಾರು ತೋರಿಸುವ ವೆಬ್ ಪುಟವೊಂದನ್ನು ಮಡಿಕೇರಿ ಮತ್ತು ಗೋಣಿಕೊಪ್ಪಲಿನ ಗೆಳೆಯರ ಜೊತೆ ಸೇರಿ ರಿಯಾಕ್ಟ್ ಹಾಗೂ ವೀಟ್ ಎಂಬ ವೆಬ್ ಸಾಧನಗಳನ್ನು ಬಳಸಿ ಕಟ್ಟುತ್ತಿದ್ದೇವೆ. ಅವರಿಬ್ಬರದೂ ವಿಂಡೋಸ್, ನನ್ನದು ಉಬುಂಟು ಲಿನಕ್ಸ್. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಿಂದ ಕ್ಲೋನ್ (ಪ್ರತಿ) ಮಾಡಿಕೊಂಡು, ಬೇಕಾದ ಪ್ಯಾಕೇಜುಗಳನ್ನು ಇಳಿಸುವ ಎನ್‌ಪಿಎಂ ಇನ್‌ಸ್ಟಾಲ್ ಕೊಟ್ಟಾಗ ಯಾವ ತಕರಾರೂ ಬರಲಿಲ್ಲ. ಆದರೆ ಡೆವ್ ಸರ್ವರ್ ಆರಂಭಿಸಿ ಪುಟ ತೆರೆದರೆ, ಮಳೆ ಕಾರ್ಡಿನ ಕಾಂಪೊನೆಂಟನ್ನು (ಪುಟದ ಆ ಭಾಗದ ಕೋಡನ್ನು) ಇಂಪೋರ್ಟ್ ಮಾಡಲಾಗದು ಎಂಬ ದೋಷ ಬರುತ್ತಿದೆ. ಫೈಲು ಫೋಲ್ಡರಿನಲ್ಲೇ ಇದೆ. ಪ್ಯಾಕೇಜುಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಬೇಕೆ? ಈ ಮಳೆಯಲ್ಲಿ ಇಲ್ಲಿ ನೆಟ್‌ವರ್ಕ್ ನಿಲ್ಲುವುದೇ ಕಷ್ಟ.

ಉತ್ತರ, ಕುಶಾಲನಗರದಿಂದ

ದಯವಿಟ್ಟು ಏನನ್ನೂ ಅಳಿಸಬೇಡಿ. ದೋಷವು ನಿಮ್ಮದೇ ಫೈಲಿನ ಹೆಸರನ್ನು ಹೇಳುತ್ತಿರುವುದರಿಂದ ಪ್ಯಾಕೇಜುಗಳ ಮೇಲೆ ಸಂಶಯಪಡಲು ಕಾರಣವಿಲ್ಲ. ಗಿಟ್ ಎಲ್‌ಎಸ್-ಫೈಲ್ಸ್ ಆಜ್ಞೆ ಕೊಟ್ಟು, ಅದು ತೋರಿಸುವ ಹೆಸರನ್ನೂ ಇಂಪೋರ್ಟ್ ಸಾಲಿನಲ್ಲಿರುವ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವಿರಾ?

ಪ್ರಶ್ನೆ ಕೇಳಿದವರು

ನೋಡಿದೆ. ಗಿಟ್‌ನಲ್ಲಿ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಚಿಕ್ಕದು, ಇಂಪೋರ್ಟ್ ಸಾಲಿನಲ್ಲಿ ದೊಡ್ಡದು. ಆದರೆ ಗೋಣಿಕೊಪ್ಪಲಿನ ಗೆಳೆಯರ ಲ್ಯಾಪ್‌ಟಾಪಿನಲ್ಲಿ ಫೈಲಿನ ಹೆಸರೂ ದೊಡ್ಡಕ್ಷರದಿಂದಲೇ ಇದೆಯಂತೆ.

ಉತ್ತರ, ಕುಶಾಲನಗರದಿಂದ

ಹಾಗಾದರೆ ಕಾರಣ ಸ್ಪಷ್ಟವಾಯಿತು. ವಿಂಡೋಸಿನ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಂದೇ ಎಂದು ಪರಿಗಣಿಸುತ್ತದೆ, ಲಿನಕ್ಸ್ ಬೇರೆ ಬೇರೆ ಎಂದು ಪರಿಗಣಿಸುತ್ತದೆ. ವಿಂಡೋಸಿನಲ್ಲಿ ಈ ದೊಡ್ಡ-ಚಿಕ್ಕ ಭೇದವನ್ನು ಕಡೆಗಣಿಸುವ ಗಿಟ್‌ನ ಇಗ್ನೋರ್‌ಕೇಸ್ ಸೆಟ್ಟಿಂಗ್ ತಾನಾಗಿ ಆನ್ ಆಗುವುದರಿಂದ, ಅಲ್ಲಿ ಯಾರಾದರೂ ಹೆಸರಿನ ಅಕ್ಷರದ ಗಾತ್ರವನ್ನಷ್ಟೇ ಬದಲಿಸಿದರೆ ಗಿಟ್ ಅದನ್ನು ಬದಲಾವಣೆಯೆಂದು ದಾಖಲಿಸುವುದೇ ಇಲ್ಲ. ಅವರಿಬ್ಬರಿಗೂ ಪುಟ ತೆರೆಯುತ್ತದೆ, ನಿಮಗೆ ತೆರೆಯುವುದಿಲ್ಲ. ಪುಟವನ್ನು ಮುಂದೆ ಲಿನಕ್ಸ್ ಸರ್ವರಿನಲ್ಲಿ ಬಿಲ್ಡ್ ಮಾಡಿದ್ದರೆ ಅಲ್ಲಿಯೂ ಇದೇ ದೋಷ ಬರುತ್ತಿತ್ತು. ಆದ್ದರಿಂದ ನಿಮ್ಮ ಉಬುಂಟು ಇದನ್ನು ಈಗಲೇ ಹಿಡಿದುಕೊಟ್ಟದ್ದು ತಂಡಕ್ಕೆ ನಿಜವಾದ ಉಪಕಾರ.

ನಿಮ್ಮ ಯಂತ್ರದಲ್ಲೇ ಗಿಟ್ ಎಂವಿ ಆಜ್ಞೆಯಿಂದ ಹಳೆಯ ಹೆಸರನ್ನು ಹೊಸದಕ್ಕೆ ಬದಲಿಸಿ, ಕಮಿಟ್ ಮಾಡಿ (ದಾಖಲಿಸಿ), ಪುಶ್ ಮಾಡಿ (ಹಂಚಿಕೆಯ ಪ್ರತಿಗೆ ಕಳುಹಿಸಿ). ಉಳಿದಿಬ್ಬರು ಅದನ್ನು ಪುಲ್ ಮಾಡಿಕೊಳ್ಳುವ (ತಂದುಕೊಳ್ಳುವ) ಮೊದಲು ತಮ್ಮ ಬಾಕಿ ಬದಲಾವಣೆಗಳನ್ನು ಕಮಿಟ್ ಮಾಡಿರಲಿ. ಇಗ್ನೋರ್‌ಕೇಸನ್ನು ವಿಂಡೋಸಿನಲ್ಲಿ ಆಫ್ ಮಾಡುವಂತೆ ಕೆಲವರು ಸಲಹೆ ಕೊಡುತ್ತಾರೆ. ಅದು ಹೊಸ ಗೊಂದಲಗಳಿಗೆ ದಾರಿಯಾಗುವುದರಿಂದ ನಾನು ಒಪ್ಪುವುದಿಲ್ಲ.

ನೆಟ್‌ವರ್ಕಿನ ಬಗ್ಗೆ ಒಂದು ಮಾತು. ಪ್ಯಾಕೇಜುಗಳ ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲ್ ಗಿಟ್‌ನಲ್ಲಿದ್ದರೆ ಇನ್ನು ಮುಂದೆ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಬಳಸಿ. ಅದು ಲಾಕ್ ಫೈಲಿನಲ್ಲಿರುವ ಆವೃತ್ತಿಗಳನ್ನೇ ಹಾಕುತ್ತದೆ. ಜೊತೆಗೆ ಪ್ರಿಫರ್-ಆಫ್‌ಲೈನ್ ಆಯ್ಕೆ ಕೊಟ್ಟರೆ ಈಗಾಗಲೇ ಯಂತ್ರದ ಕ್ಯಾಶ್‌ನಲ್ಲಿ (ಉಳಿಸಿಟ್ಟ ಪ್ರತಿಗಳಲ್ಲಿ) ಇರುವ ಪ್ಯಾಕೇಜುಗಳಿಗಾಗಿ ಮತ್ತೆ ನೆಟ್‌ವರ್ಕಿಗೆ ಕಾಯುವುದಿಲ್ಲ. ವೀಟ್ 7 ಬಳಸುತ್ತಿದ್ದರೆ ಅದನ್ನು ಓಡಿಸುವ ನೋಡ್ ತಂತ್ರಾಂಶ 20.19 ಅಥವಾ 22.12 ಇಲ್ಲವೇ ಅದಕ್ಕಿಂತ ಹೊಸದು ಬೇಕು. ಮೂವರೂ ಒಂದೇ ಆವೃತ್ತಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಹೆಸರು ಬದಲಿಸಿ ಪುಶ್ ಮಾಡಿದೆ. 5173 ಪೋರ್ಟಿನಲ್ಲಿ ಪುಟ ತೆರೆಯಿತು, ಬಹಳ ಧನ್ಯವಾದಗಳು. ಫೋಲ್ಡರೊಂದರ ಹೆಸರನ್ನೂ ಹೀಗೆಯೇ ಬದಲಿಸಬೇಕಿದೆ. ಅದನ್ನು ಮಡಿಕೇರಿಯವರು ವಿಂಡೋಸಿನಲ್ಲೇ ಮಾಡಬಹುದೆ?

ಉತ್ತರ, ಕುಶಾಲನಗರದಿಂದ

ಮಾಡಬಹುದು, ಆದರೆ ಫೋಲ್ಡರಿನ ವಿಷಯದಲ್ಲಿ ವಿಂಡೋಸ್ ನೇರ ಬದಲಾವಣೆಗೆ ಅಡ್ಡಿ ಮಾಡಬಹುದು. ಮೊದಲು ಗಿಟ್ ಎಂವಿಯಿಂದ ಬೇರೆಯೇ ಒಂದು ತಾತ್ಕಾಲಿಕ ಹೆಸರು ಕೊಟ್ಟು, ನಂತರ ಅಲ್ಲಿಂದ ಬೇಕಾದ ಹೆಸರಿಗೆ ಬದಲಿಸಿ, ಎರಡನ್ನೂ ಸೇರಿಸಿ ಒಂದೇ ಕಮಿಟ್ ಮಾಡಲಿ.